ಹುಡುಕಿದರೆ ಸಿಗಬೇಕು, ಜಾಹೀರಾತು ಆಮೇಲೆ

2006ರ ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ನಡೆದ ವರ್ಲ್ಡ್ ವೈಡ್ ವೆಬ್ ಸಮ್ಮೇಳನಕ್ಕೆ ಹೈದರಾಬಾದಿನ ಟ್ರಿಪಲ್ ಐಟಿಯಿಂದ ಒಂದು ಪ್ರಬಂಧ ಹೋಗಿತ್ತು. ಬರೆದವರು ಪ್ರಸಾದ್ ಪಿಂಗಳಿ, ಜಗದೀಶ್ ಜಾಗರ್ಲಮೂಡಿ ಮತ್ತು ವಾಸುದೇವ ವರ್ಮ. ಅವರು ಕಟ್ಟಿದ ಸರ್ಚ್ ಎಂಜಿನ್ನಿನ ಹೆಸರು ವೆಬ್‌ಖೋಜ್. ಅಂತರ್ಜಾಲದಲ್ಲಿರುವ ಭಾರತೀಯ ಭಾಷೆಗಳ ಬರಹದಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಹುಡುಕಿದರೆ ಸಿಗುವುದೇ ಇಲ್ಲ ಎಂದು ಆ ಪ್ರಬಂಧ ಹೇಳಿತು. ಒಂದೊಂದು ಪತ್ರಿಕೆಗೆ ಒಂದೊಂದು ಫಾಂಟು, ಒಂದೊಂದು ಫಾಂಟಿಗೆ ಒಂದೊಂದು ಸಂಕೇತ ವ್ಯವಸ್ಥೆ ಇದ್ದದ್ದೇ ಇದಕ್ಕೆ ಕಾರಣ. ಪರದೆಯ ಮೇಲೆ ಚೆಂದದ ತೆಲುಗು ಕಾಣುತ್ತಿತ್ತು. ಒಳಗೆ ಯಂತ್ರ ಓದುತ್ತಿದ್ದದ್ದು ಹೊಂದಿಕೆಯಿಲ್ಲದ ರೋಮನ್ ಅಕ್ಷರಗಳನ್ನು, ಚಿಹ್ನೆಗಳನ್ನು. ಆ ಸಂಕೇತಗಳನ್ನು ಗುರುತಿಸಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದು ಹುಡುಕಲು ಬರುವಂತೆ ಮಾಡುವ ಕೆಲಸಕ್ಕೆ ಈ ಮೂವರು ಕೈಹಾಕಿದ್ದರು.

ಕನ್ನಡದ ಪಾಡೂ ಅದೇ ಆಗಿತ್ತು. ಯು.ಬಿ. ಪವನಜ ಅವರು 1996ರಲ್ಲೇ ವಿಶ್ವಕನ್ನಡ ಜಾಲತಾಣವನ್ನು ಆರಂಭಿಸಿದ್ದರೂ ಕನ್ನಡದ ತಾಣಗಳು ಎಲ್ಲರಿಗೂ ಒಂದೇ ಸಂಕೇತ ವ್ಯವಸ್ಥೆಯಾದ ಯುನಿಕೋಡ್‌ಗೆ ಪೂರ್ತಿ ಬರಲು ವರ್ಷಗಳೇ ಹಿಡಿದವು. ಇವತ್ತಿಗೂ ಡಿಟಿಪಿ ಮಾಡುವ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಲೇಖನವನ್ನು ಹಾಗೆಯೇ ತಂದು ತಾಣಕ್ಕೆ ಅಂಟಿಸುವವರಿದ್ದಾರೆ. ಅದು ಕೈಕೊಟ್ಟಾಗ ಇನ್ನೂ ಕೆಲವರು ಪುಟದ ಚಿತ್ರ ತೆಗೆದು ಹಾಕುತ್ತಾರೆ. ಎರಡೂ ಬೇಡ. ಗೂಗಲ್ ಒಂದು ಪುಟದ ಭಾಷೆ ಯಾವುದೆಂದು ತಿಳಿಯುವುದು ಅಲ್ಲಿ ಕಾಣುವ ಪಠ್ಯದಿಂದ. ಪುಟದ ಕೋಡಿನಲ್ಲಿ ನಾವು ಬರೆದಿಡುವ ಭಾಷಾಗುರುತನ್ನು ಅದು ನೆಚ್ಚುವುದಿಲ್ಲ. ಹಾಗಾಗಿ ಬರಹ ಯುನಿಕೋಡಿನಲ್ಲಿರಬೇಕು, ಅಕ್ಷರವಾಗಿರಬೇಕು, ಒಂದು ಪುಟದಲ್ಲಿ ಒಂದೇ ಭಾಷೆ ಮುಖ್ಯವಾಗಿರಬೇಕು. ಹೈದರಾಬಾದಿನಲ್ಲಿ ಕೂತು ಕನ್ನಡ, ತೆಲುಗು, ಇಂಗ್ಲಿಷ್ ಮೂರನ್ನೂ ಬೆರೆಸಿ ಸುದ್ದಿ ಬರೆಯುವ ಸಣ್ಣ ತಾಣಗಳಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ಮೂರು ಭಾಷೆಗೆ ಮೂರು ಪುಟ ಮಾಡಿದರೆ ಮೂರೂ ಕಡೆ ಓದುಗರು ಸಿಗುತ್ತಾರೆ.

ಜಾಹೀರಾತಿನ ಮಾತು ಇಲ್ಲಿಂದಲೇ ಶುರುವಾಗುತ್ತದೆ, ಏಕೆಂದರೆ ಜಾಹೀರಾತು ಹಂಚುವ ಯಂತ್ರವೂ ಮೊದಲು ಪುಟವನ್ನು ಓದುತ್ತದೆ. ಗೂಗಲ್‌ನ ಆಡ್‌ಸೆನ್ಸ್ ಆರಂಭವಾದದ್ದು 2003ರಲ್ಲಿ. ಪುಟದಲ್ಲಿ ಏನಿದೆ ಎಂದು ನೋಡಿ ಅದಕ್ಕೆ ಹೊಂದುವ ಜಾಹೀರಾತು ತರುವುದು ಅದರ ಮೂಲ ಕಲ್ಪನೆ. ಪುಟದ ಭಾಷೆಯೇ ಅದಕ್ಕೆ ಬಾರದಿದ್ದರೆ ಹೊಂದಿಸುವುದೆಲ್ಲಿಂದ ಬಂತು? ಹನ್ನೊಂದು ವರ್ಷ ಭಾರತದ ಯಾವ ಭಾಷೆಯೂ ಅದರ ಪಟ್ಟಿಯಲ್ಲಿರಲಿಲ್ಲ. 2014ರ ಡಿಸೆಂಬರಿನಲ್ಲಿ ಹಿಂದಿ ಬಂತು, 2017ರಲ್ಲಿ ಬಂಗಾಳಿ, 2018ರ ಆರಂಭದಲ್ಲಿ ತಮಿಳು. ಅದೇ ವರ್ಷದ ಜೂನ್‌ನಲ್ಲಿ ತೆಲುಗು ಸೇರಿತು. ಆ ಹೊತ್ತಿಗೆ ತೆಲುಗಿನ ಜಾಲ ಬರಹಗಾರರಿಗೂ ಪ್ರಕಾಶಕರಿಗೂ ಹೈದರಾಬಾದಿನಲ್ಲೇ ಕಾರ್ಯಾಗಾರ ನಡೆಯಿತು. ಕನ್ನಡ ಆ ಪಟ್ಟಿಗೆ ಬಂದದ್ದು ತೆಲುಗಿನ ನಂತರ.

ಈ ವಿಳಂಬದ ಬೆಲೆ ತೆತ್ತವರು ಸಣ್ಣ ತಾಣಗಳವರು. ದೊಡ್ಡ ಪತ್ರಿಕೆಗಳಿಗೆ ನೇರವಾಗಿ ಜಾಹೀರಾತು ತರುವ ಸಿಬ್ಬಂದಿ ಇತ್ತು, ಏಜೆನ್ಸಿಗಳಿದ್ದವು. ಒಬ್ಬರೇ ಬರೆದು, ಒಬ್ಬರೇ ತಿದ್ದಿ, ಒಬ್ಬರೇ ಹೋಸ್ಟಿಂಗ್ ಹಣ ಕಟ್ಟುವವರಿಗೆ ಆಡ್‌ಸೆನ್ಸ್ ಬಿಟ್ಟರೆ ಬೇರೆ ಸುಲಭದ ದಾರಿ ಇರಲಿಲ್ಲ. ಆಗ ಹಲವರು ಒಂದು ಇಂಗ್ಲಿಷ್ ತಾಣ ಮಾಡಿ ಖಾತೆಗೆ ಒಪ್ಪಿಗೆ ಪಡೆದು, ಅದೇ ಕೋಡನ್ನು ತಮ್ಮ ಭಾಷೆಯ ಪುಟಕ್ಕೆ ತಂದು ಹಾಕುತ್ತಿದ್ದರು. ಅದು ನಿಯಮಕ್ಕೆ ವಿರುದ್ಧವಾಗಿತ್ತು, ಖಾತೆ ಹೋಗುವ ಅಪಾಯವೂ ಇತ್ತು. ಆದರೆ ಒಂದು ಭಾಷೆಯನ್ನು ಹೊರಗಿಟ್ಟ ನಿಯಮ ಜನರನ್ನು ಅಡ್ಡದಾರಿಗೆ ತಳ್ಳಿತು ಎಂಬುದನ್ನೂ ಹೇಳಬೇಕು.

ಹೈದರಾಬಾದಿಗೂ ಈ ವ್ಯವಹಾರಕ್ಕೂ ಇನ್ನೊಂದು ನಂಟಿದೆ. ಗೂಗಲ್ 2004ರಲ್ಲಿ ಭಾರತಕ್ಕೆ ಬಂದಾಗ ಕಚೇರಿ ತೆರೆದ ಎರಡು ಊರುಗಳು ಬೆಂಗಳೂರು ಮತ್ತು ಹೈದರಾಬಾದ್. ಜಾಹೀರಾತುದಾರರನ್ನೂ ಖಾತೆಗಳನ್ನೂ ನೋಡಿಕೊಳ್ಳುವ ಕಾರ್ಯಾಚರಣೆಯ ದೊಡ್ಡ ಭಾಗ ಹೈದರಾಬಾದಿನಲ್ಲಿ ಬೆಳೆಯಿತು. 2022ರ ಏಪ್ರಿಲ್‌ನಲ್ಲಿ ಗಚ್ಚಿಬೌಲಿಯಲ್ಲಿ 33 ಲಕ್ಷ ಚದರಡಿಯ ಹೊಸ ಕಟ್ಟಡಕ್ಕೆ ಶಂಕುಸ್ಥಾಪನೆಯಾಯಿತು. ಆದರೂ ಅದೇ ಊರಿನ ಸಣ್ಣ ಪ್ರಕಾಶಕರು ಆ ಗೇಟಿನೊಳಗೆ ಹೋಗಿ ತಮ್ಮ ಖಾತೆಯ ತಕರಾರು ಹೇಳಿಕೊಳ್ಳುವಂತಿಲ್ಲ. ಎಲ್ಲವೂ ಫಾರಂ ಮೂಲಕವೇ ಆಗಬೇಕು. ಹಾಗಾಗಿ ಆ ಫಾರಂ ತುಂಬುವ ಸ್ಥಿತಿ ಬಾರದಂತೆ ನಿಯಮಗಳನ್ನು ಮುಂಚೆಯೇ ತಿಳಿದಿರುವುದು ಲೇಸು.

ಮೊದಲು ಹಣದ ಲೆಕ್ಕ. ಪುಟ ತೆರೆದುಕೊಳ್ಳುವ ಕ್ಷಣದಲ್ಲೇ ಆ ಜಾಗಕ್ಕೆ ಹರಾಜು ನಡೆಯುತ್ತದೆ. ಗೆದ್ದವರ ಜಾಹೀರಾತು ಬಂದು ಕೂರುತ್ತದೆ. ಮೊದಲು ಆಡ್‌ಸೆನ್ಸ್‌ನಲ್ಲಿ ಹೆಚ್ಚಾಗಿ ಕ್ಲಿಕ್ಕಿಗೆ ಹಣ ಸಿಗುತ್ತಿತ್ತು, 2024ರ ಆರಂಭದಿಂದ ಜಾಹೀರಾತು ಎಷ್ಟು ಬಾರಿ ಕಂಡಿತು ಎಂಬುದರ ಮೇಲೆ ಲೆಕ್ಕ. ಜಾಹೀರಾತುದಾರರು 100 ರೂಪಾಯಿ ಕೊಟ್ಟರೆ ಅವರ ಪರವಾಗಿ ಜಾಗ ಕೊಳ್ಳುವ ವೇದಿಕೆ ಸರಾಸರಿ 15 ರೂಪಾಯಿ ಇಟ್ಟುಕೊಳ್ಳುತ್ತದೆ. ಉಳಿದ 85ರಲ್ಲಿ ನೂರಕ್ಕೆ 80ರಷ್ಟು, ಅಂದರೆ 68 ರೂಪಾಯಿ, ಪ್ರಕಾಶಕರ ಪಾಲು. ಗಳಿಕೆ 10 ಡಾಲರ್ ಮುಟ್ಟಿದಾಗ ನೀವು ಕೊಟ್ಟ ವಿಳಾಸಕ್ಕೆ ಅಂಚೆಯಲ್ಲಿ ಒಂದು ಪಿನ್ ಸಂಖ್ಯೆ ಬರುತ್ತದೆ. ಅದನ್ನು ನಾಲ್ಕು ತಿಂಗಳೊಳಗೆ ನಮೂದಿಸದಿದ್ದರೆ ಜಾಹೀರಾತು ನಿಲ್ಲುತ್ತದೆ. ಬಾಡಿಗೆ ಮನೆ ಬದಲಿಸುತ್ತಲೇ ಇರುವವರು ವಿಳಾಸವನ್ನು ಮನೆ ನಂಬರಿನಿಂದ ಪಿನ್‌ಕೋಡ್‌ವರೆಗೆ ಸರಿಯಾಗಿ ಕೊಟ್ಟಿರಬೇಕು. 100 ಡಾಲರ್ ತುಂಬಿದ ಮೇಲೆಯೇ ಹಣ ಬ್ಯಾಂಕಿಗೆ ಬರುತ್ತದೆ. ಕನ್ನಡ ಪುಟಗಳಿಗೆ ಹರಾಜು ಕೂಗುವವರು ಇಂಗ್ಲಿಷಿಗಿಂತ ಕಡಿಮೆ, ಹಾಗಾಗಿ ಬೆಲೆಯೂ ಕಡಿಮೆ. ಆಡ್‌ಸೆನ್ಸ್ ನಂಬಿ ಕೆಲಸ ಬಿಡಬೇಡಿ.

ಖಾತೆಗಳು ಮುಚ್ಚಿಹೋಗುವ ಸಾಮಾನ್ಯ ಕಾರಣ ಕ್ಲಿಕ್ಕುಗಳು. ತನ್ನ ಪುಟದ ಜಾಹೀರಾತನ್ನು ತಾನೇ ಒತ್ತುವುದು, ಮನೆಯವರಿಂದ ಒತ್ತಿಸುವುದು, ವಾಟ್ಸಾಪ್ ಗುಂಪಿನಲ್ಲಿ ‘ಒಂದು ಕ್ಲಿಕ್ ಮಾಡಿ ಬೆಂಬಲಿಸಿ’ ಎಂದು ಕೇಳುವುದು ಇವೆಲ್ಲ ನಿಷಿದ್ಧ. ಕನ್ನಡದ ಓದುಗರು ಪ್ರೀತಿಯಿಂದಲೇ ಹೀಗೆ ಒತ್ತಿ ತಾಣಕ್ಕೆ ಕೇಡು ತರಬಹುದು. ಹಾಗೆ ಮಾಡಬೇಡಿ ಎಂದು ಆಪ್ತರಿಗೆ ಮೊದಲೇ ಹೇಳಿಡಿ. ಜಾಹೀರಾತಿನ ಮೇಲೆ ‘ಜಾಹೀರಾತು’ ಎಂದು ಬರೆಯಬಹುದು, ‘ಇದನ್ನೂ ಓದಿ’ ಎಂದು ಬರೆದು ಮೋಸಗೊಳಿಸುವಂತಿಲ್ಲ. ಖಾತೆ ರದ್ದಾದರೆ ಬಾಕಿ ಹಣವೂ ಕೈಗೆ ಬರುವುದಿಲ್ಲ, ಅದು ಜಾಹೀರಾತುದಾರರಿಗೆ ಮರಳುತ್ತದೆ. ಒಬ್ಬರಿಗೆ ಒಂದೇ ಖಾತೆಯಾದ್ದರಿಂದ ಬೇರೆ ಹೆಸರಿನಲ್ಲಿ ಮತ್ತೆ ತೆರೆಯುವ ಉಪಾಯವೂ ನಡೆಯದು.

ಹುಡುಕಾಟದ ನಿಯಮಗಳು ಇದಕ್ಕಿಂತ ಬೇರೆ. ಆಡ್‌ಸೆನ್ಸ್ ಹಾಕಿದರೆ ಸರ್ಚಿನಲ್ಲಿ ಮೇಲೆ ಬರುತ್ತೇವೆ ಎಂಬ ನಂಬಿಕೆ ತಪ್ಪು. ಹಾಕದಿದ್ದರೆ ಕೆಳಗಿಳಿಸುತ್ತಾರೆ ಎಂಬ ಗುಮಾನಿಯೂ ಅಷ್ಟೇ ತಪ್ಪು. ಸರ್ಚ್ ತಂಡ ನೋಡುವುದು ಪುಟ ಓದುಗರಿಗೆ ಏನು ಕೊಡುತ್ತಿದೆ ಎಂಬುದನ್ನು. ಗೂಗಲ್ ಸರ್ಚಿನ ಲೆಕ್ಕಾಚಾರದಲ್ಲಿ ಆದ 2011ರ ಪಾಂಡಾ ಬದಲಾವಣೆ ಸರಕಿಲ್ಲದ ಪುಟಗಳನ್ನು ರಾಶಿ ಹಾಕುವ ತಾಣಗಳನ್ನು ಹಿಂದಕ್ಕೆ ತಳ್ಳಿತು, 2012ರ ಪೆಂಗ್ವಿನ್ ಕೊಂಡುಕೊಂಡ ಲಿಂಕುಗಳನ್ನು ಗುರಿ ಮಾಡಿತು. 2024ರ ಮಾರ್ಚ್‌ನಲ್ಲಿ ಬಂದ ನಿಯಮಗಳು ಇನ್ನೂ ಬಿಗಿ. ಸರ್ಚಿನಲ್ಲಿ ಸ್ಥಾನ ಗಿಟ್ಟಿಸಲೆಂದೇ ರಾಶಿ ರಾಶಿ ಪುಟ ತಯಾರಿಸುವುದನ್ನು ಅವು ತಡೆಯುತ್ತವೆ, ಬರೆದದ್ದು ಯಂತ್ರವೋ ಮನುಷ್ಯರೋ ಎಂಬುದು ಅಲ್ಲಿ ಮುಖ್ಯವಲ್ಲ. ಅವಧಿ ಮುಗಿದ ಹಳೆಯ ಡೊಮೇನ್ ಕೊಂಡು ಅದರ ಹೆಸರಿನಲ್ಲಿ ಸಲ್ಲದ ಸರಕು ತುಂಬುವುದು, ಹೆಸರುವಾಸಿ ತಾಣದ ಒಂದು ಮೂಲೆಯನ್ನು ಹೊರಗಿನವರ ಕೂಪನ್, ಸಾಲದ ಪುಟಗಳಿಗೆ ಬಾಡಿಗೆ ಕೊಡುವುದು ಕೂಡ ಅದೇ ಪಟ್ಟಿಯಲ್ಲಿವೆ.

ಇವುಗಳಲ್ಲಿ ಮೊದಲನೆಯದು, ರಾಶಿ ಪುಟಗಳ ತಯಾರಿ, ನಮಗೆ ಹತ್ತಿರದ ವಿಷಯ. ತೆಲುಗು ಅಥವಾ ಇಂಗ್ಲಿಷ್ ಸುದ್ದಿಯನ್ನು ಯಂತ್ರಾನುವಾದಕ್ಕೆ ಕೊಟ್ಟು, ಬಂದ ಕನ್ನಡವನ್ನು ಕಣ್ಣೂ ಹಾಯಿಸದೆ ಪ್ರಕಟಿಸುವ ತಾಣಗಳು ಹೆಚ್ಚಿವೆ. ನಿಯಮ ಇಂಥ ಅನುವಾದವನ್ನು ಹೆಸರಿಸಿಯೇ ದೋಷವೆಂದಿದೆ. ನಿಯಮದ ಮಾತು ಹಾಗಿರಲಿ, ಕನ್ನಡಕ್ಕೆ ಇದರಿಂದ ಆಗುವ ಹಾನಿ ನನಗೆ ದೊಡ್ಡದಾಗಿ ಕಾಣುತ್ತದೆ. ಹುಡುಕಿದವರಿಗೆ ಮೊದಲು ಸಿಗುವುದು ಹರಕು ಕನ್ನಡವಾದರೆ ಅವರು ಮುಂದಿನ ಸಲ ಇಂಗ್ಲಿಷಿನಲ್ಲೇ ಹುಡುಕುತ್ತಾರೆ. ಅದರ ಬದಲು ಹೈದರಾಬಾದಿನ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಒಂದು ಕಾರ್ಯಕ್ರಮಕ್ಕೆ ಹೋಗಿ ಬಂದು ಒಂದು ಪುಟ ಬರೆದರೆ, ಅಂಥ ಪುಟ ಜಾಲದಲ್ಲಿ ಇನ್ನೊಂದಿರುವುದಿಲ್ಲ. ಸಣ್ಣ ತಾಣದ ನಿಜವಾದ ಬಲ ಅಂಥ ಬರಹದಲ್ಲಿದೆ.

ಸರ್ಚಿನ ನಿಯಮ ಮುರಿದರೆ ಆಗುವ ಶಿಕ್ಷೆ ಎರಡು ಬಗೆ. ಮನುಷ್ಯರು ನೋಡಿ ಕೈಗೊಂಡ ಕ್ರಮವಾದರೆ ಸರ್ಚ್ ಕನ್ಸೋಲ್ ಎಂಬ ಉಚಿತ ಸೌಲಭ್ಯದಲ್ಲಿ ಕಾರಣಸಹಿತ ತಿಳಿಸುತ್ತಾರೆ. ತಿದ್ದಿಕೊಂಡು ಮರುಪರಿಶೀಲನೆ ಕೇಳಬಹುದು. ಲೆಕ್ಕಾಚಾರದ ಬದಲಾವಣೆಯಿಂದ ಓದುಗರು ಕುಸಿದರೆ ಯಾವ ನೋಟೀಸೂ ಬರುವುದಿಲ್ಲ, ಮೇಲ್ಮನವಿಯೂ ಇಲ್ಲ. ಒಂದೇ ಬಾಗಿಲಿನ ಮನೆಯಂತೆ ಗೂಗಲ್ ಒಂದರಿಂದಲೇ ಓದುಗರನ್ನು ಪಡೆಯುವ ತಾಣಕ್ಕೆ ಇದು ದೊಡ್ಡ ಅಪಾಯ. ಸ್ವಂತ ಡೊಮೇನ್ ಇಟ್ಟುಕೊಳ್ಳುವುದು, ಓದುಗರ ಒಪ್ಪಿಗೆ ಪಡೆದು ಇಮೇಲ್ ಪಟ್ಟಿ ಬೆಳೆಸುವುದು, ವಾಟ್ಸಾಪ್ ಚಾನೆಲ್ ನಡೆಸುವುದು ಈ ಕಾರಣಕ್ಕೇ ಬೇಕು.

2024ರ ಆಗಸ್ಟ್‌ನಲ್ಲಿ ಭಾರತಕ್ಕೆ ಬಂದ, ಸರ್ಚ್ ಪುಟದ ಮೇಲೆಯೇ ಉತ್ತರ ಬರೆದು ಕೊಡುವ ಗೂಗಲ್‌ನ ಎಐ ಓವರ್‌ವ್ಯೂ ಈ ಅಪಾಯವನ್ನು ಹೆಚ್ಚಿಸಿದೆ. ಓದುಗರ ಪ್ರಶ್ನೆಗೆ ಉತ್ತರ ಸರ್ಚ್ ಪುಟದಲ್ಲೇ ಸಿಕ್ಕರೆ ಅವರು ನಮ್ಮ ತಾಣಕ್ಕೆ ಏಕೆ ಬರಬೇಕು? ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ ಎಂಬ ಕಡತದಲ್ಲಿ ‘ಗೂಗಲ್-ಎಕ್ಸ್‌ಟೆಂಡೆಡ್’ ಅನ್ನು ತಡೆದರೆ ಸಾಕು ಎಂದು ಹಲವರು ತಿಳಿದಿದ್ದಾರೆ. ಅದು ತಡೆಯುವುದು ಗೂಗಲ್‌ನ ಎಐ ಮಾದರಿಯಾದ ಜೆಮಿನಿಯ ತರಬೇತಿಯಂಥ ಬಳಕೆಯನ್ನು, ಸರ್ಚಿನೊಳಗಿನ ಎಐ ಉತ್ತರವನ್ನಲ್ಲ. ಆ ಉತ್ತರವನ್ನು ತಡೆಯಲು ಪುಟಕ್ಕೆ ‘ನೋಸ್ನಿಪೆಟ್’ ಸೂಚನೆ ಹಾಕಬೇಕು, ಆದರೆ ಹಾಗೆ ಮಾಡಿದರೆ ಮಾಮೂಲಿ ಫಲಿತಾಂಶದಲ್ಲಿ ಕಾಣುವ ಎರಡು ಸಾಲಿನ ಪರಿಚಯವೂ ಹೋಗುತ್ತದೆ. ಸಣ್ಣ ಪ್ರಕಾಶಕರ ಮುಂದೆ ಇಟ್ಟಿರುವ ಈ ಆಯ್ಕೆ ನ್ಯಾಯವಾದದ್ದಲ್ಲ.

ಗೂಗಲ್‌ನ ಈ ಬಲದ ವಿರುದ್ಧ ಪ್ರಶ್ನೆ ಎತ್ತಿದವರೂ ಇದ್ದಾರೆ. ಭಾರತ್ ಮ್ಯಾಟ್ರಿಮೊನಿಯ ಕಂಪನಿ ಮತ್ತು ಗ್ರಾಹಕರ ಪರ ಕೆಲಸ ಮಾಡುವ ಕಟ್ಸ್ ಸಂಸ್ಥೆಯ ದೂರುಗಳ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2018ರ ಫೆಬ್ರವರಿಯಲ್ಲಿ ಸರ್ಚಿನಲ್ಲಿ ಪಕ್ಷಪಾತಕ್ಕಾಗಿ ಗೂಗಲ್‌ಗೆ 135.86 ಕೋಟಿ ರೂಪಾಯಿ ದಂಡ ವಿಧಿಸಿತು. ಡಿಜಿಟಲ್ ಸುದ್ದಿ ಪ್ರಕಾಶಕರ ಸಂಘದ ದೂರಿನ ಮೇಲೆ ಅದೇ ಆಯೋಗ 2022ರ ಜನವರಿಯಲ್ಲಿ ತನಿಖೆಗೆ ಆದೇಶಿಸಿತು. 2025ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯಾಯಾಲಯವೊಂದು ಪ್ರಕಾಶಕರು ಬಳಸುವ ಜಾಹೀರಾತು ಸರ್ವರ್ ಮತ್ತು ಜಾಹೀರಾತು ವಿನಿಮಯ ಮಾರುಕಟ್ಟೆಯಲ್ಲಿ ಗೂಗಲ್ ಅಕ್ರಮವಾಗಿ ಏಕಸ್ವಾಮ್ಯ ಸಾಧಿಸಿದೆ ಎಂದು ತೀರ್ಪು ಕೊಟ್ಟಿತು.

ಕಂಪನಿಯ ನಿಯಮದಾಚೆ ನೆಲದ ಕಾನೂನೂ ಇದೆ. ಇಲ್ಲಿ ಹೈದರಾಬಾದಿನವರು ವಿಶೇಷ ಎಚ್ಚರ ವಹಿಸಬೇಕು. ತೆಲಂಗಾಣ 2017ರಲ್ಲೇ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ರಮ್ಮಿಯನ್ನೂ ಸೇರಿಸಿ, ನಿಷೇಧಿಸಿತು. 2025ರ ಮಾರ್ಚ್‌ನಲ್ಲಿ ಬೆಟ್ಟಿಂಗ್ ಆಪ್‌ಗಳನ್ನು ಪ್ರಚಾರ ಮಾಡಿದ ನಟರು, ಯೂಟ್ಯೂಬರ್‌ಗಳ ಮೇಲೆ ನಗರದ ಪೊಲೀಸರು ಮೊಕದ್ದಮೆ ಹೂಡಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯಡಿ ಇಂಥ ಆಟಗಳ ಜಾಹೀರಾತಿಗೆ ಎರಡು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡವಿದೆ. ಸಣ್ಣ ತಾಣಗಳಿಗೆ ‘ಅತಿಥಿ ಲೇಖನ’ದ ವೇಷದಲ್ಲಿ ಬರುವ ಇಮೇಲ್‌ಗಳಲ್ಲಿ ಇಂಥವೂ ಇರುತ್ತವೆ. ಒಂದು ಲೇಖನಕ್ಕೆ ಇಷ್ಟು ಹಣ ಎನ್ನುತ್ತಾರೆ. ಒಳಗೆ ಜೂಜಿನ ತಾಣದ ಲಿಂಕ್ ಇರುತ್ತದೆ. ಒಪ್ಪಿಕೊಂಡರೆ ಕಾನೂನೂ ಮುರಿಯುತ್ತದೆ, ಸರ್ಚ್ ನಿಯಮವೂ ಮುರಿಯುತ್ತದೆ. ಮಧುಮೇಹ, ಕ್ಯಾನ್ಸರ್ ಗುಣಪಡಿಸುತ್ತೇವೆಂಬ ಔಷಧಿಗಳ ಜಾಹೀರಾತಿಗೆ 1954ರ ಮಾಂತ್ರಿಕ ಚಿಕಿತ್ಸೆಗಳ ಕಾಯ್ದೆ ಅಡ್ಡ ಬರುತ್ತದೆ. ಆಡ್‌ಸೆನ್ಸ್ ತಾನಾಗಿ ತರುವ ಜಾಹೀರಾತಿನಲ್ಲೂ ಜ್ಯೋತಿಷ್ಯ, ದಿಢೀರ್ ಶ್ರೀಮಂತಿಕೆ, ತೂಕ ಇಳಿಕೆಯಂಥ ವರ್ಗಗಳನ್ನು ಖಾತೆಯೊಳಗಿನ ಸೆಟ್ಟಿಂಗಿನಲ್ಲಿ ತಡೆಯಬಹುದು. ಗಳಿಕೆ ತುಸು ತಗ್ಗಬಹುದು, ಆದರೂ ತಡೆಯುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಪುಟದ ಮೇಲೆ ಎಷ್ಟು ಜಾಹೀರಾತು? ಆಡ್‌ಸೆನ್ಸ್‌ನಲ್ಲಿ ಪುಟಕ್ಕೆ ಮೂರೇ ಎಂಬ ಮಿತಿ 2016ರಲ್ಲಿ ಹೋಯಿತು. ಆದರೆ ಬರಹಕ್ಕಿಂತ ಜಾಹೀರಾತು ಹೆಚ್ಚಿರಬಾರದು ಎಂಬ ನಿಯಮ ಉಳಿದಿದೆ. ಮೊಬೈಲಿನಲ್ಲಿ ಬರಹದ ಭಾಗದ ನೂರಕ್ಕೆ 30ಕ್ಕಿಂತ ಹೆಚ್ಚು ಎತ್ತರ ಜಾಹೀರಾತು ತುಂಬಿದ್ದರೆ ಉದ್ಯಮದ ಮಾನದಂಡ ಅದನ್ನು ಕೆಟ್ಟ ಅನುಭವವೆಂದು ಪರಿಗಣಿಸುತ್ತದೆ. ಓದುತ್ತಿರುವಾಗ ಸಾಲುಗಳು ಕೆಳಗೆ ಜಾರಿ ಬೆರಳು ಜಾಹೀರಾತಿನ ಮೇಲೆ ಬೀಳುವಂತಿದ್ದರೆ ಅದು ಇನ್ನೂ ಕೆಟ್ಟದ್ದು. ಜಾಹೀರಾತಿನ ಜಾಗದ ಎತ್ತರವನ್ನು ಮೊದಲೇ ಕಾದಿರಿಸಿದರೆ ಈ ತೊಂದರೆ ಬಹುಮಟ್ಟಿಗೆ ಹೋಗುತ್ತದೆ.

ಕೊನೆಗೆ ನೇರ ಜಾಹೀರಾತು. ಹೈದರಾಬಾದಿನ ಕನ್ನಡಿಗರು ಓದುವ ತಾಣಕ್ಕೆ ಅಲ್ಲಿನ ಊಟದ ಮನೆ, ಪಿ.ಜಿ., ಕಲಬುರಗಿಗೂ ಬೀದರಿಗೂ ಬಸ್ ಓಡಿಸುವವರು ನೇರವಾಗಿ ಜಾಹೀರಾತು ಕೊಡಬಹುದು. ತಿಂಗಳಿಗೆ ಇಷ್ಟು ಎಂದು ರೂಪಾಯಿಯಲ್ಲೇ ಮಾತಾಡಿ, ಬಿಲ್ ಕೊಡಿ. ಆಡ್‌ಸೆನ್ಸ್ ಜತೆಯಲ್ಲೇ ಇದನ್ನೂ ಹಾಕಲು ಅಡ್ಡಿಯಿಲ್ಲ. ಮೇಲೆ ‘ಜಾಹೀರಾತು’ ಎಂದು ಓದಲು ಬರುವ ಅಕ್ಷರದಲ್ಲಿ ಬರೆಯಿರಿ. ಆ ಅಂಗಡಿಯ ತಾಣಕ್ಕೆ ಕೊಡುವ ಲಿಂಕಿಗೆ 2019ರಿಂದ ಗೂಗಲ್ ಸೂಚಿಸಿರುವ ‘ಸ್ಪಾನ್ಸರ್ಡ್’ ಗುರುತನ್ನು ಕೋಡಿನಲ್ಲಿ ಸೇರಿಸಿ. ಹಣ ಪಡೆದ ಲಿಂಕ್ ಎಂದು ಯಂತ್ರಕ್ಕೆ ತಿಳಿದರೆ ನಿಮ್ಮ ತಾಣದ ಮೇಲೆ ಕ್ರಮವಾಗುವುದಿಲ್ಲ. ಅಂಗಡಿಯವರು ‘ನಮ್ಮ ಬಗ್ಗೆ ಒಂದು ಒಳ್ಳೆಯ ಲೇಖನವನ್ನೂ ಬರೆದುಬಿಡಿ’ ಎಂದರೆ, ಅದರ ನೆತ್ತಿಯ ಮೇಲೂ ಅದೇ ‘ಜಾಹೀರಾತು’ ಎಂಬ ಪದ ಇರುತ್ತದೆ ಎಂದು ಹಣ ಪಡೆಯುವ ಮೊದಲೇ ಅವರಿಗೆ ಹೇಳಿ.