ವಿಕಿ ಪುಟಗಳಲ್ಲಿ ಉದ್ಧರಣೆಯ ವಿನ್ಯಾಸ: ಷಟ್ಪದಿಯ ನೆಲೆಯಿಂದ

ವಿದ್ವತ್ ಬರವಣಿಗೆಯಲ್ಲಿ ಉದ್ಧರಣೆಗೆ ಎರಡು ಹೊಣೆಗಳಿವೆ. ಅನ್ಯರ ಮಾತು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ತೋರಿಸುವುದು ಒಂದು. ಆ ಮಾತಿನ ಮೂಲರೂಪವನ್ನು ಕಾಪಾಡುವುದು ಇನ್ನೊಂದು. ಮುದ್ರಿತ ಗ್ರಂಥಗಳಲ್ಲಿ ದೀರ್ಘ ಉದ್ಧರಣೆಯನ್ನು ಅಂಚಿನಿಂದ ಒಳಸರಿಸಿ ಪ್ರತ್ಯೇಕವಾಗಿ ಅಚ್ಚುಮಾಡುವ ಪದ್ಧತಿಯು ಈ ಎರಡನ್ನೂ ನಿರ್ವಹಿಸುತ್ತದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಇದೇ ಕಾರ್ಯವು ಮೀಡಿಯಾವಿಕಿ ತಂತ್ರಾಂಶದ ಸಂಕೇತಗಳ ಮೂಲಕ ನಡೆಯಬೇಕಾಗುತ್ತದೆ.

ಈ ತಂತ್ರಾಂಶವು ಒಂಟಿ ಸಾಲುಮುರಿತವನ್ನು ಕೇವಲ ತೆರಪೆಂದು ಪರಿಗಣಿಸುತ್ತದೆ. ಆದ್ದರಿಂದ ಆರು ಸಾಲುಗಳಲ್ಲಿ ಬೆರಳಚ್ಚಿಸಿದ ಷಟ್ಪದಿಯು ಪುಟದಲ್ಲಿ ಗದ್ಯದಂತೆ ಕಾಣಿಸಿಕೊಳ್ಳುತ್ತದೆ. ಇದು ಕೇವಲ ಅಂದದ ಪ್ರಶ್ನೆಯಲ್ಲ. ಕುಮಾರವ್ಯಾಸನು ಬಳಸಿದ ಭಾಮಿನಿ ಷಟ್ಪದಿಯಲ್ಲಿ 1, 2, 4 ಮತ್ತು 5ನೆಯ ಪಾದಗಳಿಗೆ 14 ಮಾತ್ರೆಗಳು, 3 ಮತ್ತು 6ನೆಯ ಪಾದಗಳಿಗೆ 23 ಮಾತ್ರೆಗಳು. ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸ ನಿಲ್ಲುತ್ತದೆ. ಸಾಲುಗಳು ಕೂಡಿಕೊಂಡರೆ ಪಾದವಿಭಾಗವೂ ಪ್ರಾಸಸ್ಥಾನವೂ ಓದುಗನ ಕಣ್ಣಿಗೆ ಮರೆಯಾಗುತ್ತವೆ.

ಇದಕ್ಕೆ ರೂಢಿಯಲ್ಲಿರುವ ಎರಡು ಪರಿಹಾರಗಳು ದೋಷಮುಕ್ತವಲ್ಲ. ಸಾಲಿನ ಆರಂಭದಲ್ಲಿ ವಿವರಣ ಚಿಹ್ನೆ (:) ಇಟ್ಟರೆ ಪಠ್ಯವು ಒಳಸರಿಯುತ್ತದೆ. ಆದರೆ ತಂತ್ರಾಂಶವು ಅದನ್ನು ಪದ ಮತ್ತು ಅರ್ಥಗಳ ಪಟ್ಟಿಯ ಭಾಗವೆಂದು ಗುರುತಿಸುತ್ತದೆ. ಅಂಧ ಓದುಗರು ಬಳಸುವ ಪಠ್ಯವಾಚಕ ತಂತ್ರಾಂಶಕ್ಕೆ ಅದು ಉದ್ಧರಣೆಯೆಂಬ ಸೂಚನೆಯೇ ದೊರೆಯುವುದಿಲ್ಲ. ಆರಂಭದಲ್ಲಿ ತೆರಪು ಬಿಟ್ಟರೆ ಸಾಲುಗಳು ಉಳಿಯುತ್ತವೆ. ಆದರೆ ಪಠ್ಯವು ಗಣಕಸಂಕೇತದಂತೆ ಚೌಕಟ್ಟಿನೊಳಗೆ ಮೂಡುತ್ತದೆ.

'ಬ್ಲಾಕ್‌ಕೋಟ್' ಎಂಬ ಟ್ಯಾಗ್ ಉದ್ಧರಣೆಯ ಎಲ್ಲೆಯನ್ನು ನಿಖರವಾಗಿ ಸೂಚಿಸುತ್ತದೆ. ಅದರೊಳಗೆ 'ಪೊಯೆಮ್' ಟ್ಯಾಗನ್ನು ಬಳಸಿದರೆ ಸಾಲುಮುರಿತಗಳು ಹಾಗೆಯೇ ಉಳಿಯುತ್ತವೆ. ಹೀಗೆ ಪ್ರತ್ಯೇಕಿಸಿದ ಭಾಗಕ್ಕೆ ಮತ್ತೆ ಉದ್ಧರಣ ಚಿಹ್ನೆಗಳು ಅನಗತ್ಯ. ಎಚ್‌ಟಿಎಂಎಲ್ ನಿಯಮದ ಪ್ರಕಾರ ಆಕರಸೂಚನೆಯು ಟ್ಯಾಗಿನ ಹೊರಗಿರಬೇಕು. ಹಳೆಯ ಕಾವ್ಯಗಳಲ್ಲಿ ಪಾಠಾಂತರಗಳಿರುವುದರಿಂದ ಕೃತಿ, ಸಂಧಿ, ಪದ್ಯಸಂಖ್ಯೆಗಳ ಜೊತೆಗೆ ಸಂಪಾದಿತ ಆವೃತ್ತಿಯನ್ನೂ ಹೆಸರಿಸುವುದು ಅವಶ್ಯ.

ಓಲೆಗರಿಗಳಲ್ಲಿ ಪದ್ಯಗಳನ್ನು ಸಾಮಾನ್ಯವಾಗಿ ಸಾಲು ಬಿಡಿಸದೆ ಬರೆಯಲಾಗುತ್ತಿತ್ತು. ಛಂದಸ್ಸನ್ನು ಪರಿಶೀಲಿಸಿ ಪಾದಗಳನ್ನು ಬಿಡಿಸಿ ಅಚ್ಚಿಗೆ ಸಿದ್ಧಪಡಿಸಿದ್ದು ಗ್ರಂಥಸಂಪಾದಕರ ಶ್ರಮ. ವಿಕಿ ಪುಟದಲ್ಲಿ ಒಂದು ಸಂಕೇತದ ಲೋಪದಿಂದ ಆ ಶ್ರಮವು ಅಳಿಸಿಹೋಗಬಾರದು. ಆದುದರಿಂದ ಉದ್ಧರಣೆಯ ವಿನ್ಯಾಸವನ್ನು ತಾಂತ್ರಿಕ ಅಲಂಕಾರವೆಂದು ಕಡೆಗಣಿಸದೆ ಗ್ರಂಥಸಂಪಾದನೆಯ ಮುಂದುವರಿಕೆಯೆಂದೇ ಭಾವಿಸುವುದು ಯುಕ್ತವಾಗಿದೆ.