‘ಶಕ್ತಿ’ ಬಸ್ಸಿನಲ್ಲಿ ಅವರಿಗೆ ಯಾವ ಸೀಟು?

ಮೂಡಿಗೆರೆಯಿಂದ ಕೊಟ್ಟಿಗೆಹಾರದ ಮೇಲೆ ಕಳಸಕ್ಕೆ ಹೋಗುವ ಬಸ್ಸಿಗೆ ಶಾಲೆಯ ಮಕ್ಕಳು, ಕಾಫಿ ತೋಟದ ಕೆಲಸಕ್ಕೆ ಹೊರಟ ಹೆಂಗಸರು, ಸಂತೆಯ ಚೀಲ ಹಿಡಿದವರು ಎಲ್ಲರೂ ಹತ್ತುತ್ತಾರೆ. ಸೀರೆಯುಟ್ಟ ಲಿಂಗತ್ವ ಅಲ್ಪಸಂಖ್ಯಾತರೊಬ್ಬರು ಹತ್ತಿದರೆ ‘ಮಹಿಳೆಯರಿಗೆ’ ಎಂದು ಬರೆದ ಸೀಟಿನಲ್ಲಿ ಕೂರಬಹುದೇ? ಮಕ್ಕಳು ಹೀಗೆ ಕೇಳಿದರೆ ದೊಡ್ಡವರು ಸಾಮಾನ್ಯವಾಗಿ ಮಾತು ಹಾರಿಸುತ್ತಾರೆ. ಹಾರಿಸುವಂಥದ್ದು ಇದರಲ್ಲೇನೂ ಇಲ್ಲ.

ಟಿಕೆಟ್ಟಿನ ಮಟ್ಟಿಗೆ ಸರ್ಕಾರ ಉತ್ತರ ಕೊಟ್ಟಿದೆ. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆ ಸರ್ಕಾರಿ ಸಾರಿಗೆ ಸಂಸ್ಥೆಗಳ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರ ಜೊತೆಗೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಉಚಿತ ಪ್ರಯಾಣ ಕೊಟ್ಟಿತು. ಆದರೆ ಮಲೆನಾಡಿನಲ್ಲಿ ಓಡಾಡುವ ಖಾಸಗಿ ಬಸ್ಸುಗಳಿಗೆ ಅದು ಅನ್ವಯಿಸದು. ಸರ್ಕಾರಿ ಬಸ್ಸಿನಲ್ಲೂ ತೊಡಕು ತಪ್ಪಿದ್ದಲ್ಲ. ಗುರುತಿನ ಚೀಟಿಯಲ್ಲಿ ಹಳೆಯ ಹೆಸರು, ಹಳೆಯ ಫೋಟೋ, ‘ಪುರುಷ’ ಎಂಬ ನಮೂದು ಇದ್ದರೆ ಕಂಡಕ್ಟರ್ ಯಾವುದನ್ನು ನಂಬಬೇಕು?

ಈ ಗೊಂದಲಕ್ಕೆ ವಿಜ್ಞಾನ ಹೇಳುವುದಿಷ್ಟು. ದೇಹದ ಲಿಂಗ ಒಂದು, ತಾನು ಹೆಣ್ಣೋ ಗಂಡೋ ಎಂಬ ಒಳಗಿನ ಅರಿವು ಇನ್ನೊಂದು. ಹೆಚ್ಚಿನವರಲ್ಲಿ ಇವೆರಡೂ ಹೊಂದಿಕೊಂಡಿರುತ್ತವೆ; ಕೆಲವರಲ್ಲಿ ಹೊಂದುವುದಿಲ್ಲ. ಇದು ಹಟವಲ್ಲ, ಸಹವಾಸ ದೋಷವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಪಟ್ಟಿಯಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ವಿಭಾಗದಿಂದ ಹೊರತೆಗೆದಿದೆ.

ಕಾನೂನೂ ನಡೆದುಬಂದಿದೆ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ಇವರನ್ನು ತೃತೀಯ ಲಿಂಗಿಗಳೆಂದು ಮಾನ್ಯ ಮಾಡಿತು; ಅವರಿಗಾಗಿ ಪ್ರತ್ಯೇಕ ಸಾರ್ವಜನಿಕ ಶೌಚಾಲಯ ಒದಗಿಸಬೇಕೆಂದೂ ಹೇಳಿತು. 2021ರಲ್ಲಿ ಕರ್ನಾಟಕ ಸರ್ಕಾರಿ ನೌಕರಿಯಲ್ಲಿ ಶೇಕಡಾ 1ರ ಮೀಸಲಾತಿ ತಂದಿತು. ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದ ಬಳ್ಳಾರಿ ಸೀಮೆಯ ಕಲಾವಿದೆ ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಬಂದದ್ದೂ ಅದೇ ವರ್ಷ.

ಬಸ್ಸಿನ ಸೀಟು ಹತ್ತು ಜನರ ಕಣ್ಣೆದುರಿನ ಜಾಗ. ಅಲ್ಲಿ ಸ್ವಲ್ಪ ಸರಿದು ಕುಳಿತರೆ ಮುಗಿಯಿತು. ಶೌಚಾಲಯ ಮತ್ತು ಹಾಸ್ಟೆಲಿನ ಮಾತು ಬೇರೆ. ಅಲ್ಲಿ ಹೆಣ್ಣುಮಕ್ಕಳಿಗೆ ಮರೆ ಬೇಕು, ಭದ್ರತೆ ಬೇಕು. ಅದಕ್ಕಾಗಿಯೇ ಆ ಜಾಗಗಳನ್ನು ಬೇರೆಯಾಗಿಟ್ಟದ್ದು. ಮಗಳ ಬಗ್ಗೆ ತಾಯಿಗೆ ಇರುವ ಆತಂಕವನ್ನು ಅಜ್ಞಾನವೆಂದು ತಳ್ಳುವಂತಿಲ್ಲ. ಹಾಗೆಯೇ, ಸೀರೆಯುಟ್ಟವರನ್ನು ಗಂಡಸರ ಶೌಚಾಲಯಕ್ಕೆ ಕಳಿಸಿದರೆ ಅವರ ಪಾಡೇನು ಎಂದೂ ಯೋಚಿಸಬೇಕು. 2017ರ ಸ್ವಚ್ಛ ಭಾರತ ಮಾರ್ಗಸೂಚಿ, ಅವರು ತಮಗೆ ಸರಿಕಂಡ ಕಡೆ ಹೋಗಲು ಬಿಡಬೇಕೆಂದಿತು.

ಬೇರೆ ದೇಶಗಳಲ್ಲೂ ಚರ್ಚೆ ಮುಗಿದಿಲ್ಲ. ಬ್ರಿಟನ್ನಿನ 2010ರ ಸಮಾನತಾ ಕಾಯ್ದೆಯಲ್ಲಿ ‘ಮಹಿಳೆ’ ಎಂದರೆ ಹುಟ್ಟಿನಿಂದ ಹೆಣ್ಣು ಎಂದು ಅಲ್ಲಿನ ಸುಪ್ರೀಂ ಕೋರ್ಟು 2025ರ ಏಪ್ರಿಲ್ 16ರಂದು ತೀರ್ಪಿತ್ತಿತು. ಲಿಂಗತ್ವ ಅಲ್ಪಸಂಖ್ಯಾತರಿಗೆ ತಾರತಮ್ಯದ ವಿರುದ್ಧ ಇರುವ ರಕ್ಷಣೆ ಮುಂದುವರಿಯುತ್ತದೆ ಎಂದೂ ಹೇಳಿತು.

ಮಲೆನಾಡಿನ ಬಸ್ ನಿಲ್ದಾಣಗಳಿಗೆ ಇದರಿಂದ ಸಿಗುವ ಪಾಠ ಸರಳ. ನೆಲದವರೆಗೆ ಬಾಗಿಲು, ಒಳಗೆ ಚಿಲಕ, ನೀರು, ದೀಪ ಇರುವ ಒಂಟಿ ಕೋಣೆಯೊಂದನ್ನು ಹೆಚ್ಚಾಗಿ ಕಟ್ಟಿಸಿದರೆ ಅದು ಲಿಂಗತ್ವ ಅಲ್ಪಸಂಖ್ಯಾತರಿಗೂ ಆಗುತ್ತದೆ, ಅಂಗವಿಕಲರಿಗೂ ಆಗುತ್ತದೆ, ಹೆಣ್ಣುಮಕ್ಕಳ ಜಾಗ ಅವರಿಗೇ ಉಳಿಯುತ್ತದೆ. ಬಸ್ಸಿನೊಳಗಿನ ಮರ್ಯಾದೆಗೆ ಇಷ್ಟು ಖರ್ಚೂ ಇಲ್ಲ. ದಿಟ್ಟಿಸಿ ನೋಡದಿರುವುದು, ನಗದಿರುವುದು, ‘ಕೂತ್ಕೊಳ್ಳಿ’ ಎನ್ನುವುದು, ಇಷ್ಟನ್ನು ಮಕ್ಕಳಿಗೆ ಮನೆಯಲ್ಲೇ ಕಲಿಸಬಹುದು.