ರಕ್ಷಿತ ಕಡಲು ಮತ್ತು ಮೀನುಗಾರಿಕೆ: ಪರಿಣಾಮವನ್ನು ಅಳೆಯುವ ಬಗೆ

ಕಡಲಿನ ಒಂದು ಭಾಗವನ್ನು ಸಂರಕ್ಷಿತ ಪ್ರದೇಶವೆಂದು ಸರಕಾರ ಘೋಷಿಸಿದೊಡನೆ ಅಲ್ಲಿ ಮೀನುಗಾರಿಕೆ ನಿಂತುಹೋಗುವುದೆಂದು ಅನೇಕರು ಭಾವಿಸುವುದುಂಟು. ವಸ್ತುಸ್ಥಿತಿ ಹಾಗಿಲ್ಲ. ಲೋಕದ ಬಹುಪಾಲು ಸಂರಕ್ಷಿತ ಸಾಗರಪ್ರದೇಶಗಳಲ್ಲಿ ಒಂದಲ್ಲ ಒಂದು ಬಗೆಯ ಮೀನುಗಾರಿಕೆ ನಡೆದೇ ಇದೆ. ಆದುದರಿಂದ ‘ಇಲ್ಲಿ ಮೀನು ಹಿಡಿಯಬಹುದೆ?’ ಎಂಬುದಕ್ಕಿಂತ ‘ಯಾವ ಸಾಧನದಿಂದ, ಎಷ್ಟು, ಎಂತಹ ತಳದ ಮೇಲೆ?’ ಎಂಬುದೇ ಮುಖ್ಯವಾದ ಪ್ರಶ್ನೆ. ಇದಕ್ಕೆ ತಪ್ಪು ಉತ್ತರ ದೊರೆತರೆ ಒಂದೋ ದಶಕಗಳ ಜೀವಸಂಪತ್ತು ನಾಶವಾದೀತು, ಇಲ್ಲವೆ ತಪ್ಪಿಲ್ಲದ ಮೀನುಗಾರನ ಅನ್ನಕ್ಕೆ ಸಂಚಕಾರ ಬಂದೀತು.

ಈ ಪ್ರಶ್ನೆಯನ್ನು ಬಿಡಿಸಲು ಇಂಗ್ಲೆಂಡಿನಲ್ಲಿ 2012ರಲ್ಲಿ ಒಂದು ಕ್ರಮವನ್ನು ರೂಪಿಸಲಾಯಿತು. ಕೋಷ್ಟಕದ ಒಂದು ಬದಿಯಲ್ಲಿ ಮೀನು ಹಿಡಿಯುವ ಸಾಧನಗಳು. ಇನ್ನೊಂದು ಬದಿಯಲ್ಲಿ ಬಂಡೆಸಾಲು, ಕಡಲಹುಲ್ಲಿನ ಬಯಲು, ಮರಳದಿಣ್ಣೆ ಮೊದಲಾದ ರಕ್ಷಣೀಯ ನೆಲೆಗಳು. ಇವೆರಡೂ ಸಂಧಿಸುವ ಪ್ರತಿಯೊಂದು ಮನೆಗೂ ಒಂದು ಬಣ್ಣ. ಕೆಂಪಾದರೆ ಹಾನಿ ಸ್ವಯಂಸ್ಪಷ್ಟ. ಸ್ಥಳಪರೀಕ್ಷೆಗೆ ಕಾಯದೆ ಆ ಸಾಧನವನ್ನು ಆ ನೆಲೆಯಿಂದ ದೂರವಿಡಬೇಕು. ಕಿತ್ತಳೆಯಾದರೆ ಆಯಾ ಸ್ಥಳವನ್ನು ಪರೀಕ್ಷಿಸಿಯೇ ನಿರ್ಣಯಿಸಬೇಕು. ಹಸಿರಾದರೆ ಅಪಾಯ ಅಲ್ಪ. ಆದರೂ ಇತರ ಚಟುವಟಿಕೆಗಳೊಡನೆ ಕೂಡಿ ತೊಂದರೆಯಾದೀತೆ ಎಂದು ನೋಡಬೇಕು. ನೀಲಿಯಾದರೆ ಆ ಸಾಧನಕ್ಕೂ ಆ ನೆಲೆಗೂ ಸಂಪರ್ಕವೇ ಇಲ್ಲ.

ಸ್ಥಳಪರೀಕ್ಷೆಯೆಂದರೇನು ಎಂಬುದಕ್ಕೆ ಆ ದೇಶದ ದಕ್ಷಿಣ ತೀರದ ಲೈಮ್ ಕೊಲ್ಲಿ ಉತ್ತಮ ನಿದರ್ಶನ. ಅಲ್ಲಿಯ ಬಂಡೆಗಳ ಮೇಲೆ ಬೀಸಣಿಗೆಯಾಕಾರದ ನಸುಗೆಂಪು ಹವಳ ಬೆಳೆಯುತ್ತದೆ. ಅದರ ಬೆಳವಣಿಗೆ ವರ್ಷಕ್ಕೆ ಸುಮಾರು 1 ಸೆಂಟಿಮೀಟರು ಮಾತ್ರ. ಸ್ಕ್ಯಾಲಪ್ ಎಂಬ ಚಿಪ್ಪುಜೀವಿಗಾಗಿ ದೋಣಿಯ ಹಿಂದೆ ಎಳೆಯುವ, ಕಬ್ಬಿಣದ ಹಲ್ಲುಗಳುಳ್ಳ ಗೋರು ಒಮ್ಮೆ ಹಾಯ್ದರೆ ದಶಕಗಳ ಬೆಳೆ ಕ್ಷಣದಲ್ಲಿ ಕಿತ್ತುಬರುತ್ತದೆ. 2008ರ ಜುಲೈ ತಿಂಗಳಲ್ಲಿ 206 ಚದರ ಕಿಲೋಮೀಟರು ಪ್ರದೇಶದಲ್ಲಿ ತಳವನ್ನು ಕೆರೆಯುವಂತಹ ಎಳೆಯುವ ಸಾಧನಗಳನ್ನೆಲ್ಲ ನಿಷೇಧಿಸಲಾಯಿತು. ಏಡಿ, ಲಾಬ್‌ಸ್ಟರುಗಳನ್ನು ಹಿಡಿಯುವ ಬೋನು, ನಿಂತ ಬಲೆ, ಗಾಳ ಇವುಗಳಿಗೆ ಅಡ್ಡಿಯಿರಲಿಲ್ಲ.

ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು ಅಂದಿನಿಂದ ವರ್ಷ ವರ್ಷವೂ ತಳಕ್ಕೆ ಧಕ್ಕೆ ತಗುಲದಂತೆ ನೀರಿನಲ್ಲಿ ತೇಲಿಸಿ ಎಳೆಯುವ ಕ್ಯಾಮೆರಾದಿಂದ ಚಿತ್ರ ತೆಗೆದು ಜೀವಿಗಳನ್ನು ಎಣಿಸುತ್ತ ಬಂದರು. ನಿಷೇಧವಿದ್ದ ತಳವನ್ನು ಮಾತ್ರ ನೋಡಿದರೆ ಸಾಲದು. ಅದೇ ಬಗೆಯ, ಆದರೆ ಎಳೆತ ಮುಂದುವರಿದಿದ್ದ ತಳವನ್ನೂ ಅದೇ ಕಾಲದಲ್ಲಿ ನೋಡಬೇಕು. ಕೇವಲ ಒಂದು ದಿನದ ಶಿಲ್ಕಿನಿಂದ ವ್ಯಾಪಾರದ ಲಾಭನಷ್ಟ ಹೇಗೆ ತಿಳಿಯದೋ ಹಾಗೆಯೇ ಒಂದು ಎಣಿಕೆಯಿಂದ ಕಡಲಿನ ಸ್ಥಿತಿ ತಿಳಿಯದು. 2013–14ರ ಚಳಿಗಾಲದ ಭಾರಿ ಬಿರುಗಾಳಿಗಳು ಆ ಕೊಲ್ಲಿಯ ತಳವನ್ನು ಬಹಳವಾಗಿ ಕೆಡಿಸಿದುವು. ಹಲವು ವರ್ಷಗಳ ಎಣಿಕೆ ಮತ್ತು ಹೋಲಿಕೆಯ ತಳ ಇವೆರಡೂ ಇರದಿದ್ದರೆ ಪ್ರಕೃತಿಯ ಹಾನಿಯನ್ನು ಮನುಷ್ಯನ ಲೆಕ್ಕಕ್ಕೆ ಬರೆಯುವ ಅಪಾಯವಿತ್ತು.

ಈ ಎಣಿಕೆಯಿಂದ ಎರಡು ಸಂಗತಿಗಳು ಹೊರಬಿದ್ದುವು. ಮೊದಲನೆಯದು, ಬಂಡೆಗಳ ನಡುವಿನ ಕಲ್ಲು-ಮರಳಿನ ತಳದಲ್ಲಿಯೂ, ಎಳೆತ ನಿಂತ ಕೆಲವೇ ವರ್ಷಗಳಲ್ಲಿ, ಬಂಡೆಯ ಜೀವಿಗಳು ನೆಲಸತೊಡಗಿದುವು. ಅಂದರೆ ಮೊದಲು ಅಲ್ಲಿ ಅವು ಇರದಿದ್ದುದಕ್ಕೆ ತಳದ ಸ್ವಭಾವ ಕಾರಣವಲ್ಲ, ಹಿಂದಿನ ಎಳೆತವೇ ಕಾರಣ. ನಕ್ಷೆಯಲ್ಲಿ ಬಂಡೆಯೆಂದು ಗುರುತಿಸಿದ ಭಾಗಕ್ಕೆ ಮಾತ್ರ ರಕ್ಷಣೆ ಸಾಕೆಂಬ ವಾದ ಇದರಿಂದ ದುರ್ಬಲವಾಯಿತು. ಆಗಲೇ ಹಾಳಾದ ತಳವನ್ನು ಸಹಜಸ್ಥಿತಿಯೆಂದು ಹಿಡಿದು ಅಳೆಯತೊಡಗಿದರೆ ಅಳತೆಯೆಲ್ಲವೂ ತಪ್ಪುವುದು.

ಎರಡನೆಯದು ಬೋನುಗಳ ವಿಚಾರ. ಎಳೆಯುವ ಸಾಧನಗಳು ಹೊರಟುಹೋದ ಮೇಲೆ ಬೋನುಗಳ ಸಂಖ್ಯೆ ಏರಿತು. ನಿರುಪದ್ರವಿಯೆನಿಸಿದ ಈ ಸಾಧನವೂ ಮಿತಿಮೀರಿದರೆ ಹೇಗೆ? ಸ್ಥಳೀಯ ಮೀನುಗಾರರ ಸಹಕಾರದಿಂದಲೇ ಪ್ರಯೋಗ ನಡೆಯಿತು: ಕೆಲವು ತುಂಡುಗಳಲ್ಲಿ ಬೋನೇ ಇಲ್ಲ, ಕೆಲವೆಡೆ ವಿರಳ, ಕೆಲವೆಡೆ ಮಧ್ಯಮ, ಕೆಲವೆಡೆ ದಟ್ಟ. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಬೋನುಗಳು ದಟ್ಟವಾಗಿದ್ದ ಕಡೆ ತಳದ ಕೆಲವು ಸೂಕ್ಷ್ಮಜೀವನದ ಪ್ರಾಣಿಗಳಿಗೆ ಹಾನಿಯಾಗಿತ್ತು. ಏಡಿ, ಲಾಬ್‌ಸ್ಟರುಗಳ ಪ್ರಾಪ್ತಿಯೂ ಕುಗ್ಗಿತ್ತು. ವಿರಳವಾಗಿದ್ದ ಕಡೆ ಅಂತಹ ಹಾನಿ ಕಾಣಲಿಲ್ಲ. ಮಿತಿಯು ಜೀವಿಗೂ ಹಿತ, ಮೀನುಗಾರನಿಗೂ ಹಿತವೆಂಬುದು ಹೀಗೆ ಅಂಕಿಗಳಿಂದಲೇ ಸಿದ್ಧವಾಯಿತು.

ಸಾಧನಗಳನ್ನು ಹೀಗೆ ಬೇರ್ಪಡಿಸಿ ತೂಗುವುದರ ಮಹತ್ವ ನಮ್ಮ ಪಶ್ಚಿಮ ಕರಾವಳಿಯಲ್ಲಿಯೂ ಕಾಣುತ್ತದೆ. ಮಹಾರಾಷ್ಟ್ರದ ಮಾಲವಣದಲ್ಲಿ 1987ರಲ್ಲಿ 29.12 ಚದರ ಕಿಲೋಮೀಟರು ಕಡಲು ಅಭಯಧಾಮವೆಂದು ಘೋಷಿತವಾಯಿತು. ಸ್ಥಳೀಯ ಮೀನುಗಾರರು ಅದನ್ನು ದೀರ್ಘಕಾಲ ವಿರೋಧಿಸಿದರು. ಅಲ್ಲಿಯ ಸಾಂಪ್ರದಾಯಿಕ ಮೀನುಗಾರರೇ ಟ್ರಾಲ್ ಮತ್ತು ಪರ್ಸೀನ್ ದೋಣಿಗಳ ಹಾವಳಿಯ ವಿರುದ್ಧವೂ ಹೋರಾಡಿದವರು. ಆದುದರಿಂದ ಅವರನ್ನು ಕಡಲಿನ ಶತ್ರುಗಳೆಂದೆಣಿಸುವುದು ಸಲ್ಲದು. ಕೈಬಲೆಯನ್ನೂ ಟ್ರಾಲನ್ನೂ ‘ಮೀನುಗಾರಿಕೆ’ ಎಂಬ ಒಂದೇ ಶಬ್ದದಲ್ಲಿ ಅಡಕಮಾಡಿದರೆ ರಕ್ಷಣೆಗೆ ನೆರವಾಗಬಲ್ಲವರೇ ಅದರಿಂದ ದೂರ ಸರಿಯುವರು.

ಪರಿಣಾಮದ ಪರೀಕ್ಷೆಯೆಂಬುದು ಘೋಷಣೆಯ ಮೊದಲು ಒಮ್ಮೆ ಮಾಡಿ ಮುಗಿಸುವ ವಿಧಿಯಲ್ಲ. ಸಾಧನ ಬದಲಾದಂತೆ, ಅದರ ಪ್ರಮಾಣ ಏರಿದಂತೆ ಅದು ಮತ್ತೆ ಮತ್ತೆ ನಡೆಯಬೇಕಾದುದು. ಕಡಲಿನ ಬಡ್ಡಿಯಿಂದ ಬಾಳುವವನು ಯಾರು, ಅಸಲಿಗೇ ಕೈಹಾಕುವವನು ಯಾರು ಎಂಬುದನ್ನು ನ್ಯಾಯವಾಗಿ ತಿಳಿಯಲು ಬೇರೆ ದಾರಿಯಿಲ್ಲ.